ಎಲ್‌ಕೆಜಿ, ಅಂಗನವಾಡಿ, ಬಾಲವಾಟಿಕಾ: ಪುಟ್ಟ ಮಕ್ಕಳಿಗೆ ಕಲಿಸಲು ಯಾವ ಓದು ಬೇಕು?

ಬಿ.ಎಡ್ ಒಂದಿದ್ದರೆ ಎಲ್ಲಿ ಬೇಕಾದರೂ ಕಲಿಸಬಹುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ನಿಜವಲ್ಲ. ಮೂರು ವರ್ಷದ ಪದವಿ, ಅದರ ಮೇಲೆ ಎರಡು ವರ್ಷದ ಬಿ.ಎಡ್ ಮುಗಿಸಿದವರು ಕೇಂದ್ರೀಯ ವಿದ್ಯಾಲಯದ ಬಾಲವಾಟಿಕಾ (ಒಂದನೇ ತರಗತಿಗೆ ಮುಂಚಿನ ಶಾಲಾಪೂರ್ವ ತರಗತಿ) ಹುದ್ದೆಗೆ ಅರ್ಜಿ ಹಿಡಿದು ಹೋದರೆ, ಪಿಯುಸಿ ನಂತರ ಎರಡೇ ವರ್ಷದ ಡಿಪ್ಲೊಮಾ ಮಾಡಿದವರು ಅರ್ಹರಾಗಿರುತ್ತಾರೆ, ಇವರು ಆಗಿರುವುದಿಲ್ಲ. ಓದಿದ್ದು ಕಡಿಮೆಯಾಯಿತೆಂದಲ್ಲ; ಬೇರೆ ವಯಸ್ಸಿನ ಮಕ್ಕಳಿಗಾಗಿ ಓದಿದ್ದರಿಂದ ಹಾಗಾಗುತ್ತದೆ. ಇನ್ನೊಂದು ಕಡೆ, ಬೀದಿಗೊಂದರಂತೆ ಬೋರ್ಡು ಹಾಕಿಕೊಂಡಿರುವ ಆರು ತಿಂಗಳ, ಒಂದು ವರ್ಷದ ಎನ್‌ಟಿಟಿ, ಅಂದರೆ ನರ್ಸರಿ ಶಿಕ್ಷಕ ತರಬೇತಿಗೆ ಹಣ ಕಟ್ಟಿದವರು ಸರ್ಕಾರಿ ಅಧಿಸೂಚನೆ ಬಂದ ದಿನ ತಮ್ಮ ಪ್ರಮಾಣಪತ್ರ ಲೆಕ್ಕಕ್ಕಿಲ್ಲ ಎಂದು ಕಂಡುಕೊಳ್ಳುತ್ತಾರೆ. ಇವೆರಡೂ ತಪ್ಪಿಸಬಹುದಾದ ನಷ್ಟ. ಎಲ್ಲಿ ಕಲಿಸಬೇಕೆಂದು ಮೊದಲು ತೀರ್ಮಾನಿಸಿ, ಆ ಜಾಗ ಕೇಳುವ ಅರ್ಹತೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಕೋರ್ಸ್ ಆರಿಸಿದರೆ ಸಾಕು.

ನಿಯಮ ಎಲ್ಲಿ ಬಿಗಿ, ಎಲ್ಲಿ ಸಡಿಲ

2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಡು ಮಾಡಬಹುದು ಎಂದಷ್ಟೇ ಅದರ 11ನೇ ಸೆಕ್ಷನ್ ಸರ್ಕಾರಗಳಿಗೆ ಹೇಳುತ್ತದೆ. ಹೀಗಾಗಿ ಒಂದನೇ ತರಗತಿಯಿಂದ ಮೇಲಕ್ಕೆ ಶಿಕ್ಷಕರ ಅರ್ಹತೆ ಮತ್ತು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬಿಗಿಯಾಗಿವೆ. ಬಡಾವಣೆಯ ಖಾಸಗಿ ಪ್ಲೇಸ್ಕೂಲಿನಲ್ಲಿ ಯಾರನ್ನು ನೇಮಿಸಿಕೊಳ್ಳಬೇಕೆಂಬುದನ್ನು ಬಹುಮಟ್ಟಿಗೆ ಆಡಳಿತ ಮಂಡಳಿಯೇ ನಿರ್ಧರಿಸುತ್ತದೆ. ಅಲ್ಲಿ ಯಾವ ಪ್ರಮಾಣಪತ್ರ ತೋರಿಸಿದರೂ ಕೆಲಸ ಸಿಗಬಹುದು. ಆದರೆ ಅಲ್ಲಿ ನಡೆದದ್ದು ಎಲ್ಲ ಕಡೆ ನಡೆಯುತ್ತದೆ ಎಂದುಕೊಳ್ಳುವಂತಿಲ್ಲ.

ಶಿಕ್ಷಕರ ಶಿಕ್ಷಣಕ್ಕೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ನರ್ಸರಿ ಹಂತಕ್ಕೆ 2014ರಲ್ಲಿ ಅದು ಗೊತ್ತುಪಡಿಸಿದ ಕನಿಷ್ಠ ಅರ್ಹತೆ ಇಷ್ಟು: ಪಿಯುಸಿಯಲ್ಲಿ ಕನಿಷ್ಠ ಶೇ. 50 ಅಂಕ, ಜೊತೆಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ನರ್ಸರಿ ಶಿಕ್ಷಕ ಶಿಕ್ಷಣ, ಶಾಲಾಪೂರ್ವ ಶಿಕ್ಷಣ ಅಥವಾ ಬಾಲ್ಯಾರಂಭದ ಶಿಕ್ಷಣದ ಡಿಪ್ಲೊಮಾ. ಅದಿಲ್ಲದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯಿಂದ ಬಿ.ಎಡ್ ನರ್ಸರಿ. ಈ ಕೊನೆಯದು ಸಾಮಾನ್ಯ ಬಿ.ಎಡ್ ಅಲ್ಲ, ಬೇರೆಯೇ ಕೋರ್ಸ್. ‘ಎರಡು ವರ್ಷಕ್ಕೆ ಕಡಿಮೆಯಿಲ್ಲದ’ ಎಂಬ ಮಾತಿಗೆ ಕೆಂಪು ಗೆರೆ ಎಳೆದುಕೊಳ್ಳಿ. ಅರ್ಜಿ ತಿರಸ್ಕೃತವಾಗುವುದಕ್ಕೆ ಆ ಮಾತೊಂದೇ ಸಾಕು.

ಡಿಪಿಎಸ್‌ಇ: ಈ ವೃತ್ತಿಗೆಂದೇ ಇರುವ ಡಿಪ್ಲೊಮಾ

ಡಿಪ್ಲೊಮಾ ಇನ್ ಪ್ರೀಸ್ಕೂಲ್ ಎಜುಕೇಷನ್, ಅಂದರೆ ಡಿಪಿಎಸ್‌ಇ, 3ರಿಂದ 6 ವರ್ಷದ ಮಕ್ಕಳ ತರಗತಿಗೆ ಶಿಕ್ಷಕರನ್ನು ತಯಾರು ಮಾಡುವ ಕೋರ್ಸ್. ಅವಧಿ ಎರಡು ವರ್ಷ. ಸೇರಲು ಪಿಯುಸಿಯಲ್ಲಿ ಶೇ. 50 ಬೇಕು, ಮೀಸಲು ವರ್ಗದವರಿಗೆ ರಾಜ್ಯದ ನಿಯಮದಂತೆ ರಿಯಾಯಿತಿ ಇದೆ. ಎನ್‌ಸಿಟಿಇಯ 2014ರ ನಿಯಮಾವಳಿ ಪ್ರಕಾರ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು ನಡೆಯಬೇಕು. ತರಗತಿ ಮತ್ತು ಪ್ರಾಯೋಗಿಕಕ್ಕೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಕಡ್ಡಾಯ. ಎಂದರೆ 200 ದಿನಗಳ ವರ್ಷದಲ್ಲಿ ತಪ್ಪಿಸಬಹುದಾದದ್ದು ಹೆಚ್ಚೆಂದರೆ 40 ದಿನ. ‘ಪರೀಕ್ಷೆಗೆ ಬಂದರೆ ಸಾಕು, ಹಾಜರಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಸಂಸ್ಥೆ ನಿಯಮ ಮುರಿಯುತ್ತಿದೆ. ಮುಂದೆ ಅದರ ಮಾನ್ಯತೆ ರದ್ದಾದರೆ ಸುತ್ತಾಡಬೇಕಾದವರು ವಿದ್ಯಾರ್ಥಿಗಳೇ.

ಹಾಜರಿಯ ಮೇಲೆ ಇಷ್ಟು ಬಿಗಿ ಏಕೆಂದರೆ ಈ ಕೆಲಸ ಪುಸ್ತಕದಿಂದ ಬರುವುದಿಲ್ಲ. ನಾಲ್ಕು ವರ್ಷದ ಮಗು ಒಂದು ಚಟುವಟಿಕೆಯಲ್ಲಿ ಎಷ್ಟು ಹೊತ್ತು ಕೂರುತ್ತದೆ, ಅಮ್ಮನನ್ನು ಬಿಟ್ಟು ಬಂದ ಮೊದಲ ವಾರ ಅದರ ಅಳು ಯಾವಾಗ ಇಳಿಯುತ್ತದೆ, ಕತ್ತರಿ ಹಿಡಿಯಲು ಬಾರದ ಕೈಗೆ ಮೊದಲು ಕಾಗದ ಹರಿಯುವುದನ್ನು ಕಲಿಸಬೇಕೇಕೆ, ಇವೆಲ್ಲ ಮಕ್ಕಳ ಎದುರಿಗೆ ನಿಂತಾಗ ಮಾತ್ರ ತಿಳಿಯುತ್ತವೆ. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡಕ್ಕಿಂತ ಮೊದಲು ಹಿರಿಯ ವಿದ್ಯಾರ್ಥಿಗಳು ಮಕ್ಕಳನ್ನು ಗಮನಿಸಿ ಬರೆದಿಟ್ಟ ಅವಲೋಕನ ಪುಸ್ತಕ ಕೇಳಿ ನೋಡಿ. ಆ ಒಂದು ಪುಸ್ತಕ ಇಡೀ ಕೋರ್ಸಿನ ಗುಣಮಟ್ಟ ಹೇಳುತ್ತದೆ.

ಅದರಲ್ಲಿ ಏನು ನೋಡಬೇಕು? ‘ಮಗು ಹಠಮಾರಿ’, ‘ಮಗು ಚುರುಕು’ ಎಂಬ ತೀರ್ಪುಗಳೇ ತುಂಬಿದ್ದರೆ ಅಲ್ಲಿ ನೋಡುವುದನ್ನು ಕಲಿಸಿಲ್ಲ. ‘10 ಗಂಟೆ 20 ನಿಮಿಷ: ಪಕ್ಕದ ಮಗುವಿನ ಕೈಯಿಂದ ಮರದ ತುಂಡು ಕಸಿಯಿತು, ಶಿಕ್ಷಕಿ ಎರಡನೆಯದನ್ನು ಕೊಟ್ಟಾಗ ಎರಡನ್ನೂ ಜೋಡಿಸಿ ಸೇತುವೆ ಎಂದಿತು, ಆರು ನಿಮಿಷ ಅಲ್ಲೇ ಕೂತಿತು’ ಎಂಬಂಥ ಬರವಣಿಗೆ ಇದ್ದರೆ ಒಳ್ಳೆಯ ಗುರುತು. ಪುಟಗಳ ಅಂಚಿನಲ್ಲಿ ಬೋಧಕರ ಕೈಬರಹದ ಪ್ರಶ್ನೆಗಳಿವೆಯೇ, ಬರೀ ಸಹಿ ಇದೆಯೇ ಎಂಬುದನ್ನೂ ಗಮನಿಸಿ. ಎಲ್ಲರ ಪುಸ್ತಕದಲ್ಲೂ ಒಂದೇ ವಾಕ್ಯಗಳಿದ್ದರೆ ಅದು ನಕಲು. ಅಲ್ಲಿ ಇಂಟರ್ನ್‌ಶಿಪ್ ಕಾಗದದ ಮೇಲಷ್ಟೇ ನಡೆದಿರುತ್ತದೆ.

ಅಭ್ಯಾಸಕ್ಕೆ ಕಳಿಸುವ ಶಾಲೆ ಯಾವುದೆಂದೂ ಕೇಳಿ. 2013ರ ರಾಷ್ಟ್ರೀಯ ಬಾಲ್ಯಾರಂಭದ ಆರೈಕೆ ಮತ್ತು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಮೂರರೊಳಗಿನ 10 ಮಕ್ಕಳಿಗೆ ಒಬ್ಬ ಆರೈಕೆದಾರರು ಎಂಬ ಪ್ರಮಾಣ ಹೇಳುತ್ತದೆ. 45 ಮಕ್ಕಳನ್ನು ಸಾಲಾಗಿ ಕೂರಿಸಿ ಅಕ್ಷರ ತಿದ್ದಿಸುವ ಕೋಣೆಯಲ್ಲಿ ಅಭ್ಯಾಸ ಮಾಡಿದವರು ಅದನ್ನೇ ಕಲಿತು ಹೊರಬರುತ್ತಾರೆ. ಗದ್ದಲ ತಡೆಯುವುದೇ ಕಲಿಸುವುದು ಎಂಬ ಭಾವನೆ ಒಮ್ಮೆ ಬಂದರೆ ಬಿಡಿಸುವುದು ಕಷ್ಟ.

ಈ ಡಿಪ್ಲೊಮಾದ ನಿಜವಾದ ಕೊರತೆ ಎಂದರೆ ಡಿ.ಎಲ್.ಎಡ್ (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಅಥವಾ ಬಿ.ಎಡ್‌ನಷ್ಟು ಸುಲಭವಾಗಿ ಹತ್ತಿರದಲ್ಲಿ ಸಿಗದಿರುವುದು. ಬೇರೆ ಊರಿಗೆ ಹೋಗಿ ಓದಬೇಕಾಗಬಹುದು. ಪೂರ್ವ ಪ್ರಾಥಮಿಕದಲ್ಲೇ ನೆಲೆನಿಲ್ಲುವ ಮನಸ್ಸಿದ್ದವರಿಗೆ ಆ ಓಡಾಟ ಖಂಡಿತ ಸಾರ್ಥಕ.

ಡಿ.ಎಲ್.ಎಡ್ ಮತ್ತು ಬಿ.ಎಡ್

ಹಿಂದೆ ಟಿಸಿಎಚ್, ಆಮೇಲೆ ಡಿ.ಎಡ್ ಎಂದು ಕರೆಯುತ್ತಿದ್ದ ಕೋರ್ಸೇ ಇಂದಿನ ಡಿ.ಎಲ್.ಎಡ್. ಇದಕ್ಕೂ ಎರಡು ವರ್ಷ, ಪಿಯುಸಿಯಲ್ಲಿ ಶೇ. 50. ಸರ್ಕಾರಿ ಶಾಲೆಯ 1ರಿಂದ 5ನೇ ತರಗತಿಗೆ ಹೋಗಬೇಕೆಂದರೆ ಈ ಡಿಪ್ಲೊಮಾ, ಅದರ ಜೊತೆ ಟಿಇಟಿಯ ಮೊದಲ ಪತ್ರಿಕೆ ಬೇಕು. ಪತ್ರಿಕೆಯಲ್ಲಿ 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ ಶೇ. 60, ಎಂದರೆ 90 ಅಂಕ ಬಂದರೆ ಅರ್ಹತೆ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿ ಮಾನ್ಯತೆ. ಪುಟ್ಟ ಮಕ್ಕಳೂ ಇಷ್ಟ, ಸರ್ಕಾರಿ ನೌಕರಿಯ ದಾರಿಯೂ ತೆರೆದಿರಲಿ ಎನ್ನುವವರು ಡಿ.ಎಲ್.ಎಡ್ ಆರಿಸಿ 1 ಮತ್ತು 2ನೇ ತರಗತಿಯ ಮಕ್ಕಳ ಜೊತೆ ಕೆಲಸ ಮಾಡಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತವೆಂದು ಹೇಳಿ ಶಾಲಾಪೂರ್ವದ ಮೂರು ವರ್ಷದ ಜೊತೆಗೆ ಈ ಎರಡು ತರಗತಿಗಳನ್ನೂ ಸೇರಿಸಿರುವುದರಿಂದ, ಅಲ್ಲಿಯೂ ಆಟ, ಹಾಡು, ಕತೆಗಳ ಮೂಲಕವೇ ಕಲಿಸಬೇಕು.

ಬಿ.ಎಡ್‌ನ ವಿಷಯ ಬೇರೆ. ಅದು ಪದವೀಧರರನ್ನು ವಿಷಯ ಶಿಕ್ಷಕರನ್ನಾಗಿ ಮಾಡುವ ಓದು: ಗಣಿತ ಬೋಧನೆ, ವಿಜ್ಞಾನ ಬೋಧನೆ, ಭಾಷಾ ಬೋಧನೆ. ಬಿ.ಎಡ್ ಆದವರೂ 1ರಿಂದ 5ನೇ ತರಗತಿಗೆ ಅರ್ಹರು ಎಂದು 2018ರ ಜೂನ್ 28ರಂದು ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಪ್ರಾಥಮಿಕ ಹಂತದ ಮಕ್ಕಳಿಗೆ ಕಲಿಸಲು ಬೇಕಾದ ತರಬೇತಿ ಬಿ.ಎಡ್‌ನಲ್ಲಿ ಇಲ್ಲವೆಂಬುದೇ ಅದರ ಮುಖ್ಯ ಕಾರಣ. ಐದನೇ ತರಗತಿಗೇ ಈ ಮಾತು ಅನ್ವಯಿಸುವಾಗ ಎಲ್‌ಕೆಜಿಗೆ ಹೇಳುವುದೇ ಬೇಡ. ಖಾಸಗಿ ಶಾಲೆಗಳು ಬಿ.ಎಡ್ ಆದವರನ್ನು ನರ್ಸರಿಗೆ ತೆಗೆದುಕೊಳ್ಳುವುದು ನಿಜ. ಆದರೆ ಪುಟ್ಟ ಮಕ್ಕಳಿಗಾಗಿಯೇ ಓದಬೇಕು ಎಂದಿರುವವರು ಬಿ.ಎಡ್‌ಗೆ ಎರಡು ವರ್ಷ ಕೊಡುವುದು ಸರಿಯಾದ ಆಯ್ಕೆಯಲ್ಲ.

ನಾಲ್ಕು ವರ್ಷದ ಸಂಯೋಜಿತ ಕೋರ್ಸ್

ಐಟಿಇಪಿ ಎಂದು ಕರೆಯುವ ನಾಲ್ಕು ವರ್ಷದ ಸಂಯೋಜಿತ ಶಿಕ್ಷಕ ಶಿಕ್ಷಣ ಕಾರ್ಯಕ್ರಮ 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಶುರುವಾಯಿತು. ಪದವಿ ಮತ್ತು ಬಿ.ಎಡ್ ಒಟ್ಟಿಗೆ ಮುಗಿಯುವುದರಿಂದ ಒಂದು ವರ್ಷ ಉಳಿಯುತ್ತದೆ. ಪ್ರವೇಶಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಲು ಅವಕಾಶವಿದೆ. ಇಲ್ಲಿ ಎಡವುವ ಜಾಗ ಒಂದೇ. ಈ ಕೋರ್ಸ್ ಬುನಾದಿ, ಪೂರ್ವಸಿದ್ಧತಾ, ಮಾಧ್ಯಮಿಕ, ಪ್ರೌಢ ಎಂದು ಹಂತಗಳಲ್ಲಿ ಹಂಚಿಹೋಗಿದೆ. ಯಾವ ಸಂಸ್ಥೆಗೆ ಯಾವ ಹಂತದ ಅನುಮತಿ ಇದೆಯೋ ಅಷ್ಟನ್ನೇ ಅದು ಕಲಿಸುತ್ತದೆ. ಐಟಿಇಪಿ ಇದೆ ಎಂದ ಮಾತ್ರಕ್ಕೆ ಸೇರಿಬಿಟ್ಟರೆ ನಾಲ್ಕು ವರ್ಷವಾದ ಮೇಲೆ ಕೈಯಲ್ಲಿ ಪ್ರೌಢ ಹಂತದ ಬಿ.ಎಡ್ ಇರಬಹುದು. ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗ ಕಾಲೇಜಿನ ಹೆಸರಿನ ಪಕ್ಕ ‘ಬುನಾದಿ ಹಂತ’ ಎಂದಿದೆಯೇ ಎಂದು ಎರಡು ಸಲ ನೋಡಿ.

ಗೃಹವಿಜ್ಞಾನದ ದಾರಿ

ಮಗುವಿನ ಬೆಳವಣಿಗೆಯನ್ನು ಆಳವಾಗಿ ಓದಲು ನಮ್ಮ ರಾಜ್ಯದಲ್ಲಿ ಹಳೆಯದೊಂದು ಹಾದಿ ಇದೆ, ಅದನ್ನು ಈಗ ಯಾರೂ ಸಾಕಷ್ಟು ಹೇಳುವುದಿಲ್ಲ. ಗೃಹವಿಜ್ಞಾನ ಎಂದೊಡನೆ ಅಡುಗೆ ಹೊಲಿಗೆ ಎಂದುಕೊಳ್ಳುವವರೇ ಹೆಚ್ಚು. ಅದರೊಳಗೇ ಮಾನವ ಅಭಿವೃದ್ಧಿ ಎಂಬ ವಿಭಾಗವಿದೆ. ಗರ್ಭದಿಂದ ಹಿಡಿದು ಮಗುವಿನ ಮಾತು, ಚಲನೆ, ಭಾವನೆ, ಪೋಷಣೆ, ಕುಟುಂಬ ಎಲ್ಲವೂ ಅಲ್ಲಿ ಪಠ್ಯ. ಬೆಂಗಳೂರಿನ ಶ್ರೀಮತಿ ವಿ.ಎಚ್.ಡಿ. ಕೇಂದ್ರೀಯ ಗೃಹವಿಜ್ಞಾನ ಕಾಲೇಜು ಇದಕ್ಕೆ ಹೆಸರಾದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ ಆನರ್ಸ್ ಇದೆ, ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದಲ್ಲಿ ಎಂ.ಎಸ್ಸಿಯೂ ಇದೆ. ಕೃಷಿ ಕೋರ್ಸುಗಳ ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಆ ಪದವಿಗೆ ಪ್ರವೇಶ.

ಇದೊಂದೇ ಓದಿದರೆ ನರ್ಸರಿ ಶಿಕ್ಷಕಿಯ ಎನ್‌ಸಿಟಿಇ ಅರ್ಹತೆ ಬರುವುದಿಲ್ಲ ಎಂಬುದು ನೆನಪಿರಲಿ. ಇದರ ಉಪಯೋಗ ಬೇರೆ ಕಡೆ: ಶಾಲಾಪೂರ್ವ ಕೇಂದ್ರದ ಮೇಲ್ವಿಚಾರಣೆ, ಪಠ್ಯಕ್ರಮ ರಚನೆ, ಮಕ್ಕಳ ಬೆಳವಣಿಗೆ ಕುಂಠಿತವಾಗಿರುವುದನ್ನು ಬೇಗ ಗುರುತಿಸುವ ಕೆಲಸ, ಸ್ವಯಂಸೇವಾ ಸಂಸ್ಥೆಗಳು, ಕಾಲೇಜು ಬೋಧನೆ. ಕಾಲೇಜು ಬೋಧನೆಗೆ ಅರ್ಹತೆ ಕೊಡುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಗೃಹವಿಜ್ಞಾನ ಒಂದು ವಿಷಯವಾಗಿದೆ. ಇದರ ಮೇಲೆ ಡಿಪಿಎಸ್‌ಇ ಕೂಡ ಮಾಡಿದವರಿಗೆ ತರಗತಿಯ ಅರ್ಹತೆಯೂ ಸಿಕ್ಕಿತು, ಅದರ ಹಿಂದಿನ ತಿಳಿವೂ ಸಿಕ್ಕಿತು. ಎರಡೂ ಕೂಡಿದರೆ ಬಹಳ ಒಳ್ಳೆಯ ಶಿಕ್ಷಕಿ.

ಸ್ನಾತಕೋತ್ತರದಲ್ಲಿ ಬಾಲ್ಯಾರಂಭದ ಶಿಕ್ಷಣವನ್ನೇ ಓದಬೇಕೆಂದರೆ ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಆ ಹೆಸರಿನದೇ ಎಂ.ಎ. ಇದೆ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಮಾನವ ಅಭಿವೃದ್ಧಿ ವಿಭಾಗ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. ಇವು ತರಗತಿ ಶಿಕ್ಷಕಿಯಾಗಲು ಬೇಕಾದವಲ್ಲ. ಶಿಕ್ಷಕರಿಗೆ ಕಲಿಸಲು, ಸಂಶೋಧನೆಗೆ ಬೇಕಾದವು.

ಕೆಲಸ ಮಾಡುತ್ತಾ ಓದುವವರಿಗೆ

ಈಗಾಗಲೇ ಪ್ಲೇಸ್ಕೂಲಿನಲ್ಲಿದ್ದು ಬಿಟ್ಟು ಬರಲಾಗದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಬಾಲ್ಯಾರಂಭದ ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ, ಅಂದರೆ ಡಿಇಸಿಇ, ಪ್ರಾಮಾಣಿಕವಾದ ಆಯ್ಕೆ. ಪಿಯುಸಿ ಆಗಿದ್ದರೆ ಸಾಕು. ಒಟ್ಟು 32 ಕ್ರೆಡಿಟ್. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ ಓದು, ಹಾಗಾಗಿ 960 ಗಂಟೆ. ಒಂದು ವರ್ಷದಲ್ಲಿ ಮುಗಿಸಲು ವಾರಕ್ಕೆ ಹದಿನೆಂಟು ಗಂಟೆಗೂ ಹೆಚ್ಚು ಬೇಕು. ಕೆಲಸ, ಮನೆ ಎರಡನ್ನೂ ನಿಭಾಯಿಸಿ ದಿನಕ್ಕೆ ಎರಡು ಗಂಟೆಯಂತೆ ವಾರದ ಐದು ದಿನ ಓದಿದರೆ 96 ವಾರ, ಹೆಚ್ಚುಕಡಿಮೆ ಎರಡು ವರ್ಷ ಹಿಡಿಯುತ್ತದೆ. ನೋಂದಣಿಯ ಗರಿಷ್ಠ ಅವಧಿ ಕನಿಷ್ಠಕ್ಕಿಂತ ಹೆಚ್ಚಿರುವುದರಿಂದ ಗಾಬರಿ ಬೇಡ, ಆದರೆ ಅಸೈನ್‌ಮೆಂಟ್‌ಗಳನ್ನು ಕೊನೆಯ ವಾರಕ್ಕೆ ಬಿಟ್ಟವರಿಗೆ ಪ್ರಾಯೋಗಿಕ ಪ್ರಾಜೆಕ್ಟ್ ಕೈಕೊಡುತ್ತದೆ. ಅದಕ್ಕೆ ಮಕ್ಕಳೊಡನೆ ನಿಜವಾಗಿ ಚಟುವಟಿಕೆ ಮಾಡಿ ಬರೆಯಬೇಕು, ರಜೆಯಲ್ಲಿ ಶಾಲೆಯಲ್ಲಿ ಮಕ್ಕಳಿರುವುದಿಲ್ಲ. ಪ್ರಾಜೆಕ್ಟನ್ನು ಶಾಲೆ ನಡೆಯುವ ತಿಂಗಳುಗಳಲ್ಲೇ ಮುಗಿಸಿ. ಪಠ್ಯ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದನ್ನು ಪ್ರಾಸ್ಪೆಕ್ಟಸ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಮುಗಿಸಲು ಎರಡು ವರ್ಷ ಹಿಡಿದರೂ ಇದು ಒಂದು ವರ್ಷದ ಕೋರ್ಸೇ, ಹಾಗಾಗಿ ಎರಡು ವರ್ಷದ ನಿಯಮಕ್ಕೆ ಹೊಂದುವುದಿಲ್ಲ: ಕಲಿಕೆಗೆ, ಖಾಸಗಿ ಕೆಲಸದಲ್ಲಿ ಏಳಿಗೆಗೆ ಚೆನ್ನ, ಎನ್‌ಸಿಟಿಇ ಅರ್ಹತೆ ಕೇಳುವ ಹುದ್ದೆಗೆ ಸಾಲದು.

ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ವಯಸ್ಸು 19ರಿಂದ 35, ಸ್ಥಳೀಯ ನಿವಾಸಿಯಾಗಿರಬೇಕು. ಅಧಿಸೂಚನೆಯಲ್ಲಿ ಬಾಲ್ಯಾರಂಭದ ಶಿಕ್ಷಣದ ಡಿಪ್ಲೊಮಾಗೆ ಹೆಚ್ಚುವರಿ ಅಂಕವಿದೆಯೇ ಎಂದು ಓದಿ ನೋಡಿ. ಈಗಾಗಲೇ ಸೇವೆಯಲ್ಲಿರುವವರಿಗೆ 2020ರ ನೀತಿ ಎರಡು ದಾರಿ ಸೂಚಿಸಿದೆ: ಪಿಯುಸಿ ಮತ್ತು ಮೇಲಿನ ಓದು ಇದ್ದರೆ ಆರು ತಿಂಗಳ ಪ್ರಮಾಣಪತ್ರ, ಕಡಿಮೆ ಇದ್ದರೆ ಒಂದು ವರ್ಷದ ಡಿಪ್ಲೊಮಾ, ಎರಡನ್ನೂ ಕೆಲಸಕ್ಕೆ ಅಡ್ಡಿಯಾಗದಂತೆ ದೂರಶಿಕ್ಷಣದಲ್ಲಿ, ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿಯೊಂದಿಗೆ. ಇಂಥ ತರಬೇತಿಗೆ ಇಲಾಖೆಯೇ ಕರೆಯುತ್ತದೆ; ಅದರ ಹೆಸರು ಹೇಳಿಕೊಂಡು ಬರುವ ಖಾಸಗಿಯವರಿಗೆ ಹಣ ಕಟ್ಟಬೇಡಿ.

ಮಾಂಟೆಸ್ಸರಿ ಮತ್ತು ವಿಶೇಷ ಶಿಕ್ಷಣ

ಮಾಂಟೆಸ್ಸರಿ ಒಂದು ಪದ್ಧತಿ. ಅದರ ತರಬೇತಿ ಆ ಪದ್ಧತಿಯ ಶಾಲೆಗಳಲ್ಲಿ ಬೆಲೆಬಾಳುತ್ತದೆ. 1929ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಸ್ಥೆ ಎಎಂಐನ 3ರಿಂದ 6 ವರ್ಷದವರ ಡಿಪ್ಲೊಮಾ ಹೊರದೇಶಗಳಲ್ಲೂ ನಡೆಯುತ್ತದೆ. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಬರೆದುಕೊಳ್ಳಬಹುದಾದ್ದರಿಂದ ತರಬೇತಿ ಕೇಂದ್ರದಲ್ಲಿ ಸಲಕರಣೆಗಳ ಪೂರ್ತಿ ಸೆಟ್ ಇದೆಯೇ, ವಿದ್ಯಾರ್ಥಿಗಳು ಅದನ್ನು ಕೈಯಿಂದ ಮಾಡಿ ಅಭ್ಯಾಸ ಮಾಡುತ್ತಾರೆಯೇ ಎಂದು ನೋಡಿ. ಉದಾಹರಣೆಗೆ, ಗುಲಾಬಿ ಗೋಪುರ ಎಂಬ ಸಲಕರಣೆಯ ಹತ್ತು ಘನಗಳು ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಒಂದೊಂದೇ ಸೆಂಟಿಮೀಟರ್ ದೊಡ್ಡವಾಗುತ್ತವೆ. ಮಗುವಿನ ಎದುರು ಅದನ್ನು ನಿಧಾನವಾಗಿ, ಮಾತಿಲ್ಲದೆ ಜೋಡಿಸಿ ತೋರಿಸುವುದನ್ನು ಮೂರು ತಿಂಗಳ ಆನ್‌ಲೈನ್ ವಿಡಿಯೊ ಕಲಿಸಲಾರದು.

ಅಂಗವಿಕಲ ಮಕ್ಕಳೊಡನೆ ಕೆಲಸ ಮಾಡುವವರಿಗೆ ಮಾನ್ಯತೆ ಕೊಡುವುದು ಬೇರೆ ಸಂಸ್ಥೆ: 1992ರ ಕಾಯ್ದೆಯಡಿ ಇರುವ ಭಾರತೀಯ ಪುನರ್ವಸತಿ ಪರಿಷತ್ತು. ಪಿಯುಸಿ ನಂತರ ವಿಶೇಷ ಶಿಕ್ಷಣದ ಎರಡು ವರ್ಷದ ಡಿ.ಎಡ್, ಪದವಿಯ ನಂತರ ವಿಶೇಷ ಬಿ.ಎಡ್. ಕೋರ್ಸ್ ಮುಗಿದೊಡನೆ ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ದಾಖಲಿಸಿ ಸಂಖ್ಯೆ ಪಡೆಯಬೇಕು. ಅದಿಲ್ಲದೆ ಅಂಕಪಟ್ಟಿ ಇದ್ದೂ ವೃತ್ತಿ ನಡೆಸುವಂತಿಲ್ಲ. ಶ್ರವಣದೋಷದ ಮಕ್ಕಳ ಶಿಕ್ಷಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ.

ಹಣ ಕಟ್ಟುವ ಮುನ್ನ

ಸಂಸ್ಥೆಯ ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ಸರಿಯಾಗಿ ಓದಿ. ಐಎಸ್‌ಒ 9001, ಎಂಎಸ್‌ಎಂಇ ನೋಂದಣಿ, ಸೊಸೈಟಿ ಅಥವಾ ಟ್ರಸ್ಟ್ ನೋಂದಣಿ, ನೀತಿ ಆಯೋಗದ ದರ್ಪಣ್ ಸಂಖ್ಯೆ: ಇವು ಯಾವುವೂ ಶಿಕ್ಷಕ ತರಬೇತಿಯ ಮಾನ್ಯತೆ ಅಲ್ಲ. ಅಂಗಡಿಗೂ ಎಂಎಸ್‌ಎಂಇ ನೋಂದಣಿ ಸಿಗುತ್ತದೆ. ‘ಸರ್ಕಾರಿ ನೋಂದಾಯಿತ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಎನ್‌ಸಿಟಿಇ ಮಾನ್ಯತಾ ಆದೇಶದ ಪ್ರತಿ ಕೇಳಿ. ಅದರಲ್ಲಿ ನಾಲ್ಕು ಸಂಗತಿ ಹೊಂದಿಕೆಯಾಗಬೇಕು: ಸಂಸ್ಥೆಯ ಹೆಸರು ಮತ್ತು ವಿಳಾಸ, ಕೋರ್ಸಿನ ಹೆಸರು, ಅನುಮತಿಸಿದ ಸೀಟುಗಳ ಸಂಖ್ಯೆ, ಯಾವ ಶೈಕ್ಷಣಿಕ ವರ್ಷದಿಂದ ಎಂಬುದು. ಬಿ.ಎಡ್‌ಗೆ ಮಾನ್ಯತೆ ಇರುವ ಕಾಲೇಜು ಅದೇ ಆದೇಶ ತೋರಿಸಿ ಡಿಪಿಎಸ್‌ಇಗೆ ಸೇರಿಸಿಕೊಳ್ಳುವುದು ತಪ್ಪು, ಪ್ರತಿ ಕೋರ್ಸಿಗೂ ಬೇರೆ ಮಾನ್ಯತೆ ಬೇಕು. ಕೊನೆಗೆ ಎನ್‌ಸಿಟಿಇ ಜಾಲತಾಣದ ಪಟ್ಟಿಯಲ್ಲಿ ಅದೇ ಹೆಸರು ಹುಡುಕಿ, ಮಾನ್ಯತೆ ಹಿಂಪಡೆದವರ ಪಟ್ಟಿಯನ್ನೂ ನೋಡಿ. ಆದೇಶ ಹಳೆಯದಾಗಿದ್ದು ಆಮೇಲೆ ರದ್ದಾಗಿರಬಹುದು.

ಪಿಯುಸಿ ಮುಗಿಸಿದವರು ಡಿಪಿಎಸ್‌ಇ ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪೂರೈಸುವುದು ಖರ್ಚಿನಲ್ಲಿ ಹಗುರವಾದ ಕ್ರಮ. ಪದವಿ ಆಗಿರುವವರಿಗೂ ಡಿಪಿಎಸ್‌ಇ ಬಾಗಿಲು ಮುಚ್ಚಿಲ್ಲ. ಕೆಳಗಿನ ಕೋರ್ಸ್ ಎಂದು ಹಿಂಜರಿಯುವುದು ಬೇಡ. ಪಿಯುಸಿಯಲ್ಲಿ ಶೇ. 50 ಇಲ್ಲದ, ರಿಯಾಯಿತಿಯೂ ಸಿಗದ ಸಾಮಾನ್ಯ ವರ್ಗದವರು ಎರಡು ವರ್ಷದ ಡಿಪ್ಲೊಮಾಗೆ ದುಡ್ಡು ಸುರಿಯುವ ಮೊದಲು ನಿಲ್ಲಬೇಕು. ಕೋರ್ಸ್ ಮುಗಿಸಿದರೂ ನೇಮಕಾತಿಯ ಹೊತ್ತಿಗೆ ಪಿಯುಸಿ ಅಂಕವನ್ನೇ ಮೊದಲು ನೋಡುತ್ತಾರೆ. ಅವರಿಗೆ ಡಿಇಸಿಇ ಮತ್ತು ಖಾಸಗಿ ಶಾಲೆಯ ಅನುಭವವೇ ಸೂಕ್ತ.

ಕೋರ್ಸ್ ಮುಗಿದ ವಾರವೇ ಐದು ಕಾಗದಗಳನ್ನು ಒಂದು ಕಡತದಲ್ಲಿ ಇಟ್ಟುಬಿಡಿ: ಎಲ್ಲ ವರ್ಷದ ಅಂಕಪಟ್ಟಿ, ಡಿಪ್ಲೊಮಾ ಪ್ರಮಾಣಪತ್ರ, ಸಂಸ್ಥೆಯ ಮಾನ್ಯತಾ ಆದೇಶದ ಪ್ರತಿ, ಗಂಟೆಗಳ ಲೆಕ್ಕವಿರುವ ಪಠ್ಯಕ್ರಮ, ಸಹಿಯಾದ ಇಂಟರ್ನ್‌ಶಿಪ್ ದಾಖಲೆ. ಹತ್ತು ವರ್ಷದ ಮೇಲೆ ಕಾಲೇಜು ಮುಚ್ಚಿಹೋಗಿದ್ದರೆ ಮಾನ್ಯತಾ ಆದೇಶ ಹುಡುಕಿ ಕೊಡುವವರು ಯಾರೂ ಇರುವುದಿಲ್ಲ. ಹೊರದೇಶಕ್ಕೆ ಹೋಗುವವರ ಓದನ್ನು ಅಲ್ಲಿನವರು ತೂಗುವುದು ಗಂಟೆಗಳ ಲೆಕ್ಕದಲ್ಲಿ. ಅನುಭವ ಪತ್ರ ಪಡೆಯುವಾಗ ‘ಶಿಕ್ಷಕಿಯಾಗಿ ಕೆಲಸ ಮಾಡಿದ್ದಾರೆ’ ಎಂದು ಬರೆಸಿಕೊಂಡು ಬರಬೇಡಿ. ಯಾವ ವಯಸ್ಸಿನ ಮಕ್ಕಳಿಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಪೂರ್ಣಾವಧಿಯೋ ಅರೆಕಾಲಿಕವೋ ಎಂಬುದು ಅದರಲ್ಲೇ ಇರಲಿ.